ರಸೀದಿ ಕೊಡುವ ಬ್ಲ್ಯಾಕ್ ಟಿಕೆಟ್

(ಮೈಸೂರಿನ ಕಾಲೇಜೊಂದರಲ್ಲಿ ವಾಣಿಜ್ಯ ವಿದ್ಯಾರ್ಥಿಗಳೂ ಊರಿನ ಕೆಲವು ಹಿರಿಯರೂ ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಹೇಳಿದ್ದನ್ನೇ ಮತ್ತೆ ಹೇಳಿದ ಕಡೆ ಕತ್ತರಿ ಹಾಕಿದ್ದೇನೆ. ಜಗಳಗಂಟಿತನವನ್ನು ಹಾಗೆಯೇ ಬಿಟ್ಟಿದ್ದೇನೆ.)

ನಿಮ್ಮೆದುರಿನ ನೀರಿನ ಬಾಟಲಿಯನ್ನು ಒಮ್ಮೆ ತಿರುಗಿಸಿ ನೋಡಿ. ಎಂಆರ್‌ಪಿ ಎಂದು ಅಚ್ಚಾಗಿದೆ, ಪಕ್ಕದಲ್ಲಿ ಒಂದು ಸಂಖ್ಯೆ ಇದೆ, ಎಲ್ಲ ತೆರಿಗೆಗಳೂ ಸೇರಿ ಎಂಬ ಒಕ್ಕಣೆ ಇದೆ. ಬಸ್ ನಿಲ್ದಾಣದ ಅಂಗಡಿಯವನು ಎರಡು ರೂಪಾಯಿ ಹೆಚ್ಚು ಕೇಳಿದರೆ ನಾವು ಆ ಸಂಖ್ಯೆಯ ಮೇಲೆ ಬೆರಳಿಟ್ಟು ಜಗಳಕ್ಕೆ ನಿಲ್ಲುತ್ತೇವೆ. ಅವನು ಕೂಲಿಂಗ್ ಚಾರ್ಜ್ ಎಂದು ಗೊಣಗುತ್ತಾನೆ. ಹೋಟೆಲಿನಲ್ಲಿ ಮಾತ್ರ ಈ ಜಗಳ ನಡೆಯುವುದಿಲ್ಲ. ಅಲ್ಲಿ ಎಂಆರ್‌ಪಿಗಿಂತ ಹೆಚ್ಚು ತೆಗೆದುಕೊಳ್ಳಬಹುದು ಎಂದು ಸುಪ್ರೀಂ ಕೋರ್ಟ್ 2017ರ ಡಿಸೆಂಬರ್‌ನಲ್ಲಿ ಹೇಳಿತು. ಅದು ಬೇರೆ ಉಪನ್ಯಾಸಕ್ಕೆ ಇರಲಿ.

ಅಮೆರಿಕದ ಕಾರಿನ ಕಿಟಕಿಯ ಮೇಲೂ ಇಂಥದ್ದೇ ಒಂದು ಚೀಟಿ ಇರುತ್ತದೆ. ಅದರಲ್ಲಿ ಎಂಎಸ್‌ಆರ್‌ಪಿ ಎಂದು ಬರೆದಿರುತ್ತದೆ. ನಮ್ಮದಕ್ಕಿಂತ ಒಂದೇ ಅಕ್ಷರ ಹೆಚ್ಚು, ಆದರೆ ಅರ್ಥ ತಲೆಕೆಳಗು. ನಮ್ಮ ಎಂ ಎಂದರೆ ಗರಿಷ್ಠ. ಅದಕ್ಕಿಂತ ಮೇಲೆ ಹೋಗುವಂತಿಲ್ಲ. ಅವರ ಎಂ ಎಂದರೆ ತಯಾರಕ, ಎಸ್ ಎಂದರೆ ಸೂಚಿಸಿದ್ದು. ಅಂದರೆ ತಯಾರಕನು ಸೂಚಿಸಿದ ಚಿಲ್ಲರೆ ಬೆಲೆ. ಸೂಚನೆಯನ್ನು ಪಾಲಿಸಬಹುದು, ಬಿಡಬಹುದು. ಇವತ್ತು ನಾನು ಮಾತನಾಡಲು ಬಂದಿರುವುದು ಆ ಎಸ್ ಅಕ್ಷರದ ಬಗ್ಗೆ.

ನಾನು 18 ವರ್ಷ ಮಿಷಿಗನ್ ರಾಜ್ಯದಲ್ಲಿದ್ದೆ, ಕಾರಿನ ಬಿಡಿಭಾಗಗಳ ಪೂರೈಕೆ ನೋಡಿಕೊಳ್ಳುವ ಕೆಲಸದಲ್ಲಿ. ಒಂದು ಚಳಿಗಾಲದಲ್ಲಿ ಆಗತಾನೇ ಬಿಡುಗಡೆಯಾಗಿದ್ದ ಒಂದು ಸ್ಪೋರ್ಟ್ಸ್ ಕಾರಿನ ಮೇಲೆ ನನಗೆ ಮನಸ್ಸಾಯಿತು. ಕಾರಿನ ಹೆಸರನ್ನೂ ಡೀಲರ್ ಹೆಸರನ್ನೂ ಹೇಳುವುದಿಲ್ಲ. ಫೋನಿನಲ್ಲಿ ವಿಚಾರಿಸಿದಾಗ "ಬೆಲೆ ಸ್ಟಿಕ್ಕರ್‌ನಲ್ಲಿರುವಂತೆ, ಬನ್ನಿ" ಎಂದರು. ಶನಿವಾರ ಬೆಳಗ್ಗೆ ನಾನೂ ನನ್ನ ಹೆಂಡತಿಯೂ 140 ಮೈಲಿ ಹಿಮದಲ್ಲಿ ಕಾರು ಓಡಿಸಿಕೊಂಡು ಹೋದೆವು. ಷೋರೂಮಿನ ನಡುವೆ ದೀಪಗಳ ಕೆಳಗೆ ಕಾರು ನಿಂತಿತ್ತು. ಕಿಟಕಿಯ ಮೇಲೆ ಒಂದಲ್ಲ, ಎರಡು ಸ್ಟಿಕ್ಕರ್. ಒಂದು ಕಾರ್ಖಾನೆಯದು. ಅದರ ಪಕ್ಕದಲ್ಲಿ ಅದೇ ಅಳತೆಯ, ಅದೇ ಅಕ್ಷರ ಶೈಲಿಯ ಇನ್ನೊಂದು. ಅದರಲ್ಲಿ ಹೀಗಿತ್ತು: ಟೈರುಗಳಿಗೆ ನೈಟ್ರೊಜನ್, 199 ಡಾಲರ್. ಬಣ್ಣದ ರಕ್ಷಣೆ, 1,295 ಡಾಲರ್. ಮಾರ್ಕೆಟ್ ಅಡ್ಜಸ್ಟ್‌ಮೆಂಟ್, 12,000 ಡಾಲರ್.

ನೈಟ್ರೊಜನ್ ಬಗ್ಗೆ ಒಂದು ಮಾತು. ನಾವು ಉಸಿರಾಡುವ ಗಾಳಿಯಲ್ಲೇ ಶೇ. 78ರಷ್ಟು ನೈಟ್ರೊಜನ್ ಇದೆ. ಉಳಿದ ಶೇ. 22ಕ್ಕೆ 199 ಡಾಲರ್ ಕೇಳುವವನ ಧೈರ್ಯವನ್ನು ಮೆಚ್ಚಲೇಬೇಕು.

ಮಾರಾಟದ ಹುಡುಗ ಬಹಳ ಸಭ್ಯಸ್ಥ. ಕಾಫಿ ತಂದುಕೊಟ್ಟ. 12,000 ಡಾಲರ್ ಯಾವುದಕ್ಕೆ ಎಂದು ಕೇಳಿದೆ. "ಮಾರ್ಕೆಟ್" ಎಂದ, ಹವಾಮಾನ ಹೇಳುವವರ ಹಾಗೆ. ಫೋನಿನಲ್ಲಿ ಸ್ಟಿಕ್ಕರ್ ಬೆಲೆ ಎಂದಿರಲ್ಲ ಎಂದೆ. ಅವನು ಎರಡನೆಯ ಚೀಟಿಯ ಕಡೆ ಕೈ ತೋರಿಸಿ, "ಅದೂ ಸ್ಟಿಕ್ಕರೇ ಅಲ್ಲವೇ ಸರ್" ಎಂದ.

ವಾಪಸು ಬರುವಾಗ ಬಹಳ ಹೊತ್ತು ಇಬ್ಬರೂ ಮಾತನಾಡಲಿಲ್ಲ. ನನ್ನ ಹೆಂಡತಿ ಬೆಂಗಳೂರಿನ ಚಿಕ್ಕಪೇಟೆಯ ಹತ್ತಿರ ಬೆಳೆದವಳು. ಕೆಂಪೇಗೌಡ ರಸ್ತೆಯ ಚಿತ್ರಮಂದಿರಗಳ ಮುಂದೆ ಹೌಸ್‌ಫುಲ್ ಫಲಕದ ಕೆಳಗೆ ನಿಂತು, ತುಟಿ ಅಲುಗಿಸದೆ "ಹತ್ತು ಮೂವತ್ತು, ಹತ್ತು ಮೂವತ್ತು" ಎನ್ನುತ್ತಿದ್ದ ಬ್ಲ್ಯಾಕ್ ಟಿಕೆಟ್‌ನವರನ್ನು ನೋಡಿಯೇ ದೊಡ್ಡವಳಾದವಳು. ಅರ್ಧ ದಾರಿ ಬಂದ ಮೇಲೆ ಹೇಳಿದಳು: "ಒಂದು ವಿಷಯದಲ್ಲಿ ಇವರು ಮೇಲು. ಇಲ್ಲಿ ಬ್ಲ್ಯಾಕ್ ಟಿಕೆಟ್‌ಗೂ ರಸೀದಿ ಕೊಡುತ್ತಾರೆ."

ಆ ಮಾತು ನನ್ನನ್ನು ಬಿಡಲಿಲ್ಲ. ಬ್ಲ್ಯಾಕ್ ಟಿಕೆಟ್ ಮಾರುವವನನ್ನು ಪೊಲೀಸರು ಓಡಿಸುತ್ತಿದ್ದರು. ಇಲ್ಲಿ ಅದೇ ಕೆಲಸ ಗಾಜಿನ ಕಟ್ಟಡದಲ್ಲಿ, ಟೈ ಕಟ್ಟಿಕೊಂಡು, ತೆರಿಗೆ ಕಟ್ಟಿ ನಡೆಯುತ್ತದೆ. ಹೇಗೆ?

ಮೊದಲು ತಿಳಿಯಬೇಕಾದದ್ದು, ಷೋರೂಮಿನಲ್ಲಿ ನಿಂತ ಕಾರು ಯಾರದ್ದು ಎಂಬುದು. ಅದು ಕಂಪನಿಯದ್ದಲ್ಲ. ಡೀಲರ್ ಅದನ್ನು ಸಗಟು ಬೆಲೆಗೆ ಕೊಂಡಾಗಿದೆ, ಬಹಳ ಮಟ್ಟಿಗೆ ಸಾಲದಲ್ಲಿ. ಕಾರು ನಿಂತಷ್ಟು ದಿನವೂ ಆ ಸಾಲಕ್ಕೆ ಬಡ್ಡಿ ಓಡುತ್ತದೆ. ಫೋರ್ಡ್, ಜನರಲ್ ಮೋಟರ್ಸ್, ಟೊಯೊಟಾ ಯಾವುದೇ ಆಗಲಿ, ತನ್ನ ಹೊಸ ಕಾರನ್ನು ನೇರವಾಗಿ ಗ್ರಾಹಕನಿಗೆ ಮಾರಲು ಹೆಚ್ಚಿನ ರಾಜ್ಯಗಳ ಕಾನೂನು ಬಿಡುವುದಿಲ್ಲ. ಹೀಗೆ ಕಂಪನಿಗಳ ಹೆಸರು ಹೊತ್ತ, ಆದರೆ ಕಂಪನಿಗೆ ಸೇರದ ಡೀಲರ್‌ಗಳು ಆ ದೇಶದಲ್ಲಿ ಸುಮಾರು 17 ಸಾವಿರ ಇದ್ದಾರೆ.

ಈ ಕಾನೂನುಗಳನ್ನು ಡೀಲರ್‌ಗಳ ಲಾಬಿಯ ಕೈವಾಡ ಎಂದು ಬೈಯುವುದು ಅಲ್ಲಿ ವಾಡಿಕೆ. ಅದರಲ್ಲಿ ಸತ್ಯವಿದೆ. ಆದರೆ ಹಿಂದಿನ ಕತೆ ಕೇಳಿದರೆ ಡೀಲರ್ ಮೇಲೆ ಸ್ವಲ್ಪ ಕನಿಕರವೂ ಹುಟ್ಟುತ್ತದೆ. 1920-21ರ ಆರ್ಥಿಕ ಹಿಂಜರಿತದಲ್ಲಿ ಹೆನ್ರಿ ಫೋರ್ಡ್ ಬಳಿ ಮಾರಾಟವಾಗದ ಮಾಡೆಲ್ ಟಿ ಕಾರುಗಳು ರಾಶಿ ಬಿದ್ದವು. ಮೇಲೆ ಸಾಲವೂ ಇತ್ತು. ಅವನು ಬ್ಯಾಂಕಿಗೆ ಹೋಗಲಿಲ್ಲ. ಕೇಳದಿದ್ದರೂ ಡೀಲರ್‌ಗಳಿಗೆ ಕಾರು ತುಂಬಿ ಕಳಿಸಿದ. ಬಂದ ಕೂಡಲೇ ನಗದು ಕೊಟ್ಟು ಬಿಡಿಸಿಕೊಳ್ಳಬೇಕು, ಇಲ್ಲವಾದರೆ ಡೀಲರ್‌ಗಿರಿ ಹೋಗುತ್ತದೆ. ಫೋರ್ಡ್ ಹೋಗದ ಬ್ಯಾಂಕಿಗೆ ಡೀಲರ್‌ಗಳು ಹೋದರು. ಇಂಥ ದಬ್ಬಾಳಿಕೆ ದಶಕಗಳ ಕಾಲ ನಡೆದ ಮೇಲೆ, 1956ರಲ್ಲಿ ಡೀಲರ್‌ಗಳು ಕಂಪನಿಯ ಮೇಲೆ ದಾವೆ ಹೂಡಲು ಅವಕಾಶ ಕೊಡುವ ಕಾನೂನನ್ನು ಅಮೆರಿಕದ ಸಂಸತ್ತು ತಂದಿತು. ರಾಜ್ಯಗಳ ಕಾನೂನುಗಳೂ ಒಂದೊಂದಾಗಿ ಬಿಗಿಯಾದವು. ಅಂದು ಸಣ್ಣ ವ್ಯಾಪಾರಿಯನ್ನು ಕಾಪಾಡಲು ಕಟ್ಟಿದ ಗೋಡೆ ಇಂದು ಗ್ರಾಹಕನಿಗೂ ತಯಾರಕನಿಗೂ ನಡುವೆ ನಿಂತಿದೆ.

ಇನ್ನು ಆ ಚೀಟಿ. ಅದಕ್ಕೆ ಮನ್ರೋನಿ ಸ್ಟಿಕ್ಕರ್ ಎಂದೇ ಹೆಸರು. ಒಕ್ಲಹೋಮಾದ ಸೆನೆಟರ್ ಮೈಕ್ ಮನ್ರೋನಿ ಮುಂದೆ ನಿಂತು 1958ರಲ್ಲಿ ಮಾಡಿಸಿದ ಕಾನೂನಿನ ಫಲ ಅದು. ಅದಕ್ಕೆ ಮೊದಲು ಹೊಸ ಕಾರಿಗೆ ನಿಜವಾದ ಬೆಲೆ ಎಷ್ಟು ಎಂಬುದು ಡೀಲರ್ ಬಾಯಿಗೆ ಬಂದಷ್ಟು. ಬೆಲೆಯನ್ನು ಮೊದಲು ಉಬ್ಬಿಸುವುದು, ಆಮೇಲೆ ಗ್ರಾಹಕನ ಹಳೆಯ ಕಾರಿಗೆ ಧಾರಾಳವಾಗಿ ಬೆಲೆ ಕಟ್ಟಿದಂತೆ ನಟಿಸುವುದು, ಇದು ಆ ಕಾಲದ ಚಾಳಿ. ಅದನ್ನು ತಡೆಯಲು ಮನ್ರೋನಿ ತಯಾರಕನಿಂದಲೇ ಬೆಲೆಯನ್ನು ಕಿಟಕಿಯ ಮೇಲೆ ಬರೆಸಿದರು. ಗ್ರಾಹಕನಲ್ಲದೆ ಬೇರೆ ಯಾರೂ ಅದನ್ನು ಕೀಳುವಂತಿಲ್ಲ. ಆದರೆ ಅದರ ಪಕ್ಕದಲ್ಲಿ ಇನ್ನೊಂದನ್ನು ಅಂಟಿಸಬಾರದು ಎಂದು ಕಾನೂನು ಹೇಳಲಿಲ್ಲ. ಚೀಟಿಯಲ್ಲಿರುವ ಬೆಲೆಗೇ ಮಾರಬೇಕು ಎಂದೂ ಹೇಳಲಿಲ್ಲ.

ಹಾಗಾದರೆ ಕಂಪನಿಯೇ ತನ್ನ ಡೀಲರ್‌ಗೆ "ಇದಕ್ಕಿಂತ ಹೆಚ್ಚಿಗೆ ಮಾರಬೇಡ" ಎಂದು ಕಟ್ಟಪ್ಪಣೆ ಮಾಡಬಾರದೇ? ವಾಣಿಜ್ಯ ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ಕಿವಿಗೊಡಬೇಕು, ಏಕೆಂದರೆ ಇದಕ್ಕೆ ಉತ್ತರ ಒಬ್ಬ ಪತ್ರಿಕೆ ಹಂಚುವವನಿಂದ ಬಂತು. ಸೇಂಟ್ ಲೂಯಿಸ್ ನಗರದ ಒಂದು ದಿನಪತ್ರಿಕೆ ತನ್ನ ಹಂಚಿಕೆದಾರರಿಗೆ ಗರಿಷ್ಠ ಬೆಲೆ ಗೊತ್ತು ಮಾಡಿತ್ತು. ಆಲ್ಬ್ರೆಕ್ಟ್ ಎಂಬಾತ ತನ್ನ ಬಡಾವಣೆಯಲ್ಲಿ ಅದಕ್ಕಿಂತ ಹೆಚ್ಚು ವಸೂಲು ಮಾಡಿದ. ಪತ್ರಿಕೆಯವರು ಅವನ ಗಿರಾಕಿಗಳನ್ನು ಕಿತ್ತುಕೊಳ್ಳಲು ಹೋದರು. ಅವನು ಕೋರ್ಟಿಗೆ ಹೋದ. 1968ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅವನ ಪರವಾಗಿ ನಿಂತಿತು: ಮರುಮಾರಾಟದ ಬೆಲೆಗೆ ಮೇಲ್ಮಿತಿ ಹಾಕುವುದೂ ಪೈಪೋಟಿಗೆ ವಿರುದ್ಧ, ಆದ್ದರಿಂದ ಕಾನೂನುಬಾಹಿರ. ಗ್ರಾಹಕನಿಗೆ ಕಡಿಮೆ ಬೆಲೆಗೆ ಸಿಗಲಿ ಎನ್ನುವುದೂ ಅಪರಾಧವಾಯಿತು! 1997ರಲ್ಲಿ ಒಂದು ಪೆಟ್ರೋಲ್ ಬಂಕಿನ ಮೊಕದ್ದಮೆಯಲ್ಲಿ ಅದೇ ಕೋರ್ಟ್ ಆ ತೀರ್ಪನ್ನು ತಾನೇ ರದ್ದುಪಡಿಸಿತು. ಈಗ ಮೇಲ್ಮಿತಿ ಹಾಕಿದ ಮಾತ್ರಕ್ಕೆ ಅಪರಾಧವಲ್ಲ. ಆದರೆ ರಾಜ್ಯಗಳ ಡೀಲರ್ ಕಾನೂನುಗಳು ಹಾಗೆಯೇ ಇವೆ. ಅದಕ್ಕೇ ಕಂಪನಿಗಳು ಇವತ್ತಿಗೂ ಬೆಲೆಯ ವಿಷಯದಲ್ಲಿ ಡೀಲರ್‌ಗೆ ನೇರವಾಗಿ ಆಜ್ಞೆ ಮಾಡುವುದಿಲ್ಲ. ಕಣ್ಣು ಕೆಂಪಗೆ ಮಾಡುತ್ತವೆ, ಅಷ್ಟೇ.

ಈಗ ನನ್ನ ನಿಜವಾದ ವಾದಕ್ಕೆ ಬರುತ್ತೇನೆ. ಡೀಲರ್‌ನನ್ನು ಬೈದು ನಾವು ನಿಲ್ಲಿಸಿಬಿಡುತ್ತೇವೆ. ಆದರೆ ಆ 12,000 ಡಾಲರ್ ಅವನು ಸೃಷ್ಟಿಸಿದ್ದಲ್ಲ. ಕಾರು ಸಾವಿರ ಇದ್ದು, ಚೀಟಿಯ ಬೆಲೆಗೆ ಹತ್ತು ಸಾವಿರ ಜನ ಕೈಯೊಡ್ಡಿ ನಿಂತಾಗಲೇ ಆ ದುಡ್ಡು ಹುಟ್ಟಿಯಾಗಿದೆ. ಚೀಟಿಯ ಬೆಲೆಗೂ ಜನ ಕೊಡಲು ಸಿದ್ಧವಿರುವ ಬೆಲೆಗೂ ನಡುವಿನ ಆ ಸಂದಿನಲ್ಲಿ ಅದು ಬಿದ್ದಿರುತ್ತದೆ. ಯಾರೋ ಒಬ್ಬರು ಅದನ್ನು ಎತ್ತಿಕೊಳ್ಳುತ್ತಾರೆ. ಪ್ರಶ್ನೆ ಇರುವುದು ಯಾರು ಎಂಬುದರಲ್ಲಿ.

ಮತ್ತೆ ಆ ಸಂದನ್ನು ಬಿಟ್ಟವರು ಯಾರು? ಕಂಪನಿ. ಗೊತ್ತಿದ್ದೇ ಬಿಟ್ಟದ್ದು. ಹೊಸ ಸ್ಪೋರ್ಟ್ಸ್ ಕಾರಿನಿಂದ ಕಂಪನಿ ಬಯಸುವುದು ಲಾಭವನ್ನಷ್ಟೇ ಅಲ್ಲ. ಮದುವೆ ಮನೆಯ ಬಾಗಿಲಲ್ಲಿ ನಿಲ್ಲಿಸುವ ಬಾಳೆಕಂಬದ ಹಾಗೆ ಅದು. ಜನ ಅದನ್ನು ನೋಡಿ ಒಳಗೆ ಬರಬೇಕು, ಬಂದವರು ಸಾಧಾರಣ ಕಾರು ಕೊಂಡು ಹೋಗಬೇಕು. "ಇಷ್ಟು ಶಕ್ತಿ, ಇಷ್ಟು ಕಡಿಮೆ ಬೆಲೆಗೆ" ಎಂದು ಪತ್ರಿಕೆಗಳು ಬರೆಯಬೇಕು. ಜನರಲ್ ಮೋಟರ್ಸ್‌ನ ಸ್ಪೋರ್ಟ್ಸ್ ಕಾರಾದ 2020ರ ಮಾದರಿಯ ಕಾರ್ವೆಟ್‌ನಲ್ಲಿ ಮೊದಲ ಬಾರಿಗೆ ಎಂಜಿನ್ ಸೀಟಿನ ಹಿಂದಕ್ಕೆ ಹೋಯಿತು. ಆಗ ಆರಂಭಿಕ ಬೆಲೆಯನ್ನು 60 ಸಾವಿರ ಡಾಲರ್‌ಗೆ ಐದೇ ಡಾಲರ್ ಕಡಿಮೆ ಇಟ್ಟರು. ಆ ಸಂಖ್ಯೆಯೇ ಜಾಹೀರಾತು. ಅಷ್ಟಲ್ಲದೆ ಕಂಪನಿ ಬೆಲೆ ಕಟ್ಟುವುದು ನಾಲ್ಕೈದು ವರ್ಷದ ಮಾರಾಟವನ್ನು ಲೆಕ್ಕ ಹಾಕಿ. ಡೀಲರ್ ಬೆಲೆ ಕಟ್ಟುವುದು ಮೊದಲ ನಾಲ್ಕೈದು ತಿಂಗಳ ಹುಚ್ಚನ್ನು ನೋಡಿ. ಒಂದೇ ಕಾರಿನ ಮೇಲೆ ಎರಡು ಕ್ಯಾಲೆಂಡರ್‌ಗಳು.

ಈ ಹುಚ್ಚು ಹೊಸದೇನಲ್ಲ. 1989ರಲ್ಲಿ ಮಾಜ್ದಾ ಕಂಪನಿ ಮಿಯಾಟಾ ಎಂಬ ಪುಟ್ಟ ಎರಡು ಸೀಟಿನ ಕಾರನ್ನು ತಂದಿತು. 1.6 ಲೀಟರ್ ಎಂಜಿನ್, ಬೆಲೆ 13,800 ಡಾಲರ್. ಬಡವರಿಗೂ ನಿಲುಕುವ ಸ್ಪೋರ್ಟ್ಸ್ ಕಾರು ಎಂಬುದೇ ಅದರ ಹೆಗ್ಗಳಿಕೆ. ಅದರ ಮೇಲೆ ಡೀಲರ್‌ಗಳು ಸಾವಿರಾರು ಡಾಲರ್ ಹೇರಿದರು. ಮಾಜ್ದಾ ಮಾಡಿದ್ದು ಒಂದೇ ಕೆಲಸ, ಕಾರು ತಯಾರಿಸುತ್ತಾ ಹೋಯಿತು. ಹೇರಿಕೆ ತಾನಾಗಿ ಕರಗಿತು. ಇಲ್ಲಿಯವರೆಗೆ ಹತ್ತು ಲಕ್ಷಕ್ಕೂ ಹೆಚ್ಚು ಮಿಯಾಟಾಗಳು ಹೊರಬಂದಿವೆ.

ಅದೇ ಸುಮಾರಿನ ಇನ್ನೊಂದು ಕತೆ ಹೆಚ್ಚು ಸ್ವಾರಸ್ಯದ್ದು. 1990ರ ಕಾರ್ವೆಟ್ ಝಡ್‌ಆರ್-1. ಇಂಗ್ಲೆಂಡಿನ ಲೋಟಸ್ ಜೊತೆ ಸೇರಿ ರೂಪಿಸಿದ 375 ಅಶ್ವಶಕ್ತಿಯ ಎಂಜಿನ್, ಕಟ್ಟಿದ್ದು ದೋಣಿಯ ಎಂಜಿನ್ ಮಾಡುವ ಕಂಪನಿ, ಅದೂ ನಮ್ಮ ಮನ್ರೋನಿಯವರ ಒಕ್ಲಹೋಮಾದಲ್ಲಿ. ಚೀಟಿಯ ಬೆಲೆ ಸುಮಾರು 59 ಸಾವಿರ ಡಾಲರ್. ಮೊದಲ ವರ್ಷ ಬಂದದ್ದು ಮೂರು ಸಾವಿರ ಚಿಲ್ಲರೆ ಕಾರು. ಒಂದು ಲಕ್ಷ ಡಾಲರ್ ಕೊಟ್ಟವರಿದ್ದರು. ಅವರಲ್ಲಿ ಬಹಳ ಜನ ಓಡಿಸಲು ಕೊಂಡವರಲ್ಲ. ಸೀಟಿನ ಪ್ಲಾಸ್ಟಿಕ್ ಕೂಡ ತೆಗೆಯದೆ ಗ್ಯಾರೇಜಿನಲ್ಲಿಟ್ಟು, ಮಗಳ ಮದುವೆಗೆ ಚಿನ್ನ ಎತ್ತಿಟ್ಟಂತೆ ಕಾದರು. ಕಂಪನಿ 1995ರವರೆಗೂ ಅದನ್ನು ಮಾಡುತ್ತಲೇ ಇತ್ತು. ಸಾಧಾರಣ ಕಾರ್ವೆಟ್‌ನ ಶಕ್ತಿಯೂ ನಡುವೆ ಹೆಚ್ಚಿತು. ದಶಕಗಳ ನಂತರವೂ ಆ ಕಾರುಗಳು ಹರಾಜಿಗೆ ಬಂದಾಗ ಎಷ್ಟೋ ಬಾರಿ ಮೂಲ ಚೀಟಿಯ ಬೆಲೆಯನ್ನೂ ಮುಟ್ಟಲಿಲ್ಲ, ಹಣದುಬ್ಬರದ ಮಾತು ಬೇಡವೇ ಬೇಡ.

ಆದರೆ ಎಲ್ಲ ಕಾರುಗಳ ಕತೆಯೂ ಹೀಗೆ ಮುಗಿಯುವುದಿಲ್ಲ, ಅದೇ ತೊಂದರೆ. 2016ರ ಪೋರ್ಷೆ 911 ಆರ್ ಕಾರನ್ನು 991 ಮಾತ್ರ ಮಾಡಿದರು. ಬೆಲೆ 1,84,900 ಡಾಲರ್. ಕೆಲವೇ ತಿಂಗಳಲ್ಲಿ ಹತ್ತು ಲಕ್ಷ ಡಾಲರ್ ಕೇಳುವವರು ಹುಟ್ಟಿಕೊಂಡರು. ಕಂಪನಿ ಇನ್ನು ಮಾಡುವುದಿಲ್ಲ ಎಂದು ಮಾತು ಕೊಟ್ಟರೆ, ಆ ಮಾತೇ ಕಾರಿಗಿಂತ ದುಬಾರಿ.

ಕೋವಿಡ್ ಬಂದಾಗ ಈ ರೋಗ ಸ್ಪೋರ್ಟ್ಸ್ ಕಾರುಗಳನ್ನು ದಾಟಿ ಎಲ್ಲೆಡೆ ಹಬ್ಬಿತು. ಚಿಪ್‌ಗಳ ಕೊರತೆಯಿಂದ ಕಾರ್ಖಾನೆಗಳು ನಿಂತವು. 2022ರ ಜನವರಿಯಲ್ಲಿ ಅಮೆರಿಕದಲ್ಲಿ ಹೊಸ ಕಾರು ಕೊಂಡವರಲ್ಲಿ ಶೇ. 80ಕ್ಕೂ ಹೆಚ್ಚು ಮಂದಿ ಚೀಟಿಗಿಂತ ಹೆಚ್ಚಿನ ಬೆಲೆ ಕೊಟ್ಟರು ಎಂದು ಕಾರು ಬೆಲೆಗಳ ಮಾಹಿತಿ ಕೊಡುವ ಎಡ್ಮಂಡ್ಸ್ ಸಂಸ್ಥೆ ಲೆಕ್ಕ ಹಾಕಿತು. ಎರಡು ವರ್ಷದ ಹಿಂದೆ ಅಂಥವರು ನೂರಕ್ಕೆ ಒಬ್ಬರೂ ಇರಲಿಲ್ಲ. ಶಾಲೆಗೆ ಮಕ್ಕಳನ್ನು ಬಿಡುವ ಕಾರಿಗೂ ಮಾರ್ಕೆಟ್ ಅಡ್ಜಸ್ಟ್‌ಮೆಂಟ್! ಆಗ ಫೋರ್ಡ್, ಜನರಲ್ ಮೋಟರ್ಸ್, ಹ್ಯುಂಡೈ ಕಂಪನಿಗಳು ಡೀಲರ್‌ಗಳಿಗೆ ಎಚ್ಚರಿಕೆಯ ಪತ್ರ ಬರೆದವು. ಬೆಲೆಯ ಬಗ್ಗೆ ಆಜ್ಞೆ ಮಾಡುವಂತಿಲ್ಲವಲ್ಲ, ಅದಕ್ಕೆ ಅವು ಹಿಡಿದ ಜುಟ್ಟು ಹಂಚಿಕೆಯದು. ಯಾವ ಡೀಲರ್‌ಗೆ ಎಷ್ಟು ಕಾರು ಎಂಬುದನ್ನು ಕಂಪನಿಯೇ ನಿರ್ಧರಿಸುತ್ತದೆ, ಹೆಚ್ಚಾಗಿ ಹಿಂದಿನ ಮಾರಾಟ ನೋಡಿ. ಹಿಂದೆ ಹೆಚ್ಚು ಮಾರಿದವನಿಗೆ ಇಂದು ಹೆಚ್ಚು. ಸಣ್ಣ ಊರಿನ ಡೀಲರ್‌ಗೆ ಅಂಥ ಕಾರು ವರ್ಷಕ್ಕೆ ಒಂದು ಬಂದರೆ ಪುಣ್ಯ. ಬರುವ ಆ ಒಂದರಲ್ಲೇ ವರ್ಷದ ಸಂಪಾದನೆ ಮಾಡಿಕೊಳ್ಳಲು ಅವನು ನೋಡುತ್ತಾನೆ.

ಈ ಹಂಚಿಕೆಯ ಜುಟ್ಟನ್ನು ಅತಿ ಚಾಲಾಕಿಯಿಂದ ಹಿಡಿದದ್ದು ಡಾಡ್ಜ್ ಎಂಬ ಅಮೆರಿಕದ ಕಾರು ಕಂಪನಿ ಎಂಬುದು ನನ್ನ ಅಭಿಪ್ರಾಯ. 2018ರ ಚಾಲೆಂಜರ್ ಡೀಮನ್. 840 ಅಶ್ವಶಕ್ತಿ, 3,300 ಕಾರುಗಳು, ಬೆಲೆ ಸುಮಾರು 85 ಸಾವಿರ ಡಾಲರ್. ಚಾಲಕನ ಸೀಟು ಮಾತ್ರ ಕಾರಿನ ಜೊತೆಗೆ. ಪಕ್ಕದ ಸೀಟು ಬೇಕಾದರೆ ಒಂದು ಡಾಲರ್, ಹಿಂದಿನದಕ್ಕೆ ಇನ್ನೊಂದು ಡಾಲರ್. ಆ ತಮಾಷೆಯಿರಲಿ, ನಿಯಮ ನೋಡಿ. ಚೀಟಿಯ ಬೆಲೆಗೆ ಅಥವಾ ಅದಕ್ಕಿಂತ ಕಡಿಮೆಗೆ ಮಾರಿದ ಕಾರುಗಳನ್ನು ಕಾರ್ಖಾನೆ ಮೊದಲು ಕಟ್ಟುತ್ತದೆ. ಹೆಚ್ಚು ಬೆಲೆಗೆ ಮಾರಿದವು ಆಮೇಲೆ. ಅಂದರೆ ಹೆಚ್ಚು ದುಡ್ಡು ಕೊಟ್ಟವನು ಸಾಲಿನ ಹಿಂದೆ! ಮಾರಬೇಡ ಎಂದು ಹೇಳಲಿಲ್ಲ, ಕಾಯಿ ಎಂದು ಹೇಳಿದರು. ತಾಳ್ಮೆಯಿಲ್ಲದವನೇ ಹೆಚ್ಚು ಕೊಡುವವನು, ಅವನನ್ನೇ ಕಾಯಿಸಿದರೆ ಅವನು ಹೆಚ್ಚು ಏಕೆ ಕೊಡುತ್ತಾನೆ? ಇದನ್ನು ಯೋಚಿಸಿದವರು ಯಾರೋ, ಕೈಮುಗಿಯಬೇಕು.

ಇನ್ನು ಕೆಲವರು ಡೀಲರ್‌ನನ್ನು ಬಿಟ್ಟು ಗ್ರಾಹಕನ ಕೈ ಕಟ್ಟಿದರು. ಫೋರ್ಡ್ ಜಿಟಿ ಕಾರಿನ ಹಳೆಯ ಅವತಾರ, 2005ರದು, ಬಂದಾಗ ಡೀಲರ್‌ಗಳು ಅದರ ಮೇಲೆ ಲಕ್ಷ ಡಾಲರ್‌ನಷ್ಟು ಹೇರಿದ್ದರು. ಅದು ನೆನಪಿದ್ದ ಫೋರ್ಡ್, ಹೊಸ ಜಿಟಿಗೆ 2016ರಲ್ಲಿ ಅರ್ಜಿ ಕರೆಯಿತು, ಸರ್ಕಾರಿ ನೌಕರಿಗೆ ಕರೆದ ಹಾಗೆ. ಮೊದಲ 500 ಕಾರುಗಳಿಗೆ 6,500ಕ್ಕೂ ಹೆಚ್ಚು ಅರ್ಜಿಗಳು ಬಂದವು. ಆಯ್ಕೆಯಾದವರು ಎರಡು ವರ್ಷ ಕಾರು ಮಾರುವಂತಿಲ್ಲ ಎಂದು ಸಹಿ ಹಾಕಬೇಕು. ನಮ್ಮ ಮನೆಮನೆಯ ಹುಡುಗರಿಗೂ ಗೊತ್ತಿರುವ ಕುಸ್ತಿಯ ಜಾನ್ ಸೀನಾ ಒಬ್ಬ ಆಯ್ಕೆಯಾದವರು. ಕಾರು ಕೈಗೆ ಬಂದ ಕೆಲವೇ ವಾರಗಳಲ್ಲಿ ಮಾರಿದರು. 2017ರ ಕೊನೆಯಲ್ಲಿ ಫೋರ್ಡ್ ಅವರ ಮೇಲೆ ಮೊಕದ್ದಮೆ ಹೂಡಿತು. ಮರುವರ್ಷ ರಾಜಿಯಾಯಿತು, ರಾಜಿಯ ಹಣ ದಾನಕ್ಕೆ ಹೋಯಿತು. ಅಖಾಡದಲ್ಲಿ ಯಾರಿಗೂ ಮಣಿಯದ ಮನುಷ್ಯ ಒಂದು ಷರತ್ತಿನ ಕೈಗೆ ಸಿಕ್ಕಿದ.

ಜನರಲ್ ಮೋಟರ್ಸ್ 2022ರಲ್ಲಿ ಕಾರ್ವೆಟ್ ಝಡ್06 ಕಾರಿಗೆ ಬೆಲ್ಲವನ್ನೂ ಬೆತ್ತವನ್ನೂ ಒಟ್ಟಿಗೆ ಇಟ್ಟಿತು. ಒಂದು ವರ್ಷ ಇಟ್ಟುಕೊಂಡರೆ 5,000 ಡಾಲರ್ ಮೌಲ್ಯದ ರಿವಾರ್ಡ್ ಪಾಯಿಂಟ್‌ಗಳು. ಅದರೊಳಗೆ ಮಾರಿದರೆ ವಾರಂಟಿಯ ಕೆಲವು ಅಂಶಗಳು ಹೊಸ ಮಾಲೀಕನಿಗೆ ಸಿಗುವುದಿಲ್ಲ. ಪೋರ್ಷೆ ತನ್ನ 911 ಎಸ್/ಟಿ ಕಾರನ್ನು ಅಮೆರಿಕದಲ್ಲಿ ಮೊದಲ ವರ್ಷ ಮಾರಲೇ ಇಲ್ಲ, ಬಾಡಿಗೆಯ ಕರಾರಿನ ಮೇಲೆ ಕೊಟ್ಟಿತು. ನಿಮ್ಮದಲ್ಲದ ಕಾರನ್ನು ನೀವು ಹೇಗೆ ಮಾರುತ್ತೀರಿ? ಡೀಲರ್‌ಗಳೇ ಇಲ್ಲದ ಟೆಸ್ಲಾ ಕೂಡ ಸೈಬರ್‌ಟ್ರಕ್‌ಗೆ ಒಂದು ವರ್ಷ ಮಾರಬಾರದು ಎಂದು ಷರತ್ತು ಹಾಕಿ, ತಪ್ಪಿದರೆ 50 ಸಾವಿರ ಡಾಲರ್ ದಂಡ ಎಂದಿತು. ಟೆಸ್ಲಾ ಉದಾಹರಣೆ ನನ್ನ ವಾದಕ್ಕೆ ಬಹಳ ಬೇಕು. ಮಧ್ಯವರ್ತಿಯನ್ನು ತೆಗೆದುಹಾಕಿದರೂ ಆ ದುಡ್ಡು ಹೋಗಲಿಲ್ಲ. ಕೊಂಡ ಕೈಯಲ್ಲೇ ಮಾರುವ ಗ್ರಾಹಕ ಅದಕ್ಕೆ ಕೈ ಹಾಕಿದ.

ಫೆರಾರಿಯವರ ದಾರಿ ಎಲ್ಲರಿಗಿಂತ ಬೇರೆ, ಎಲ್ಲರಿಗಿಂತ ಜಾಣತನದ್ದು. ಅವರ ಅಪರೂಪದ ಕಾರು ಬೇಕೆಂದರೆ ಹಿಂದೆ ಅವರ ಹಲವು ಕಾರುಗಳನ್ನು ಕೊಂಡಿರಬೇಕು. ಲಾಫೆರಾರಿ ಕಾರನ್ನು 499 ಮಾಡಿದರು. ಕರೆ ಬಂದವರಿಗೆ ಮಾತ್ರ. ಕರೆ ಬರಲೆಂದು ಬೇಡದ ಎರಡು ಮೂರು ಕಾರು ಕೊಂಡವನು ಕೊಟ್ಟದ್ದೂ ಹೇರಿಕೆಯೇ. ಯಾವ ಚೀಟಿಯಲ್ಲೂ ಅದನ್ನು ಬರೆದಿರುವುದಿಲ್ಲ, ಅಷ್ಟೇ ವ್ಯತ್ಯಾಸ. ಅವನು ಅದಕ್ಕೆ ಗೌರವ ಎಂದು ಹೆಸರಿಟ್ಟುಕೊಂಡು ಸಂತೋಷದಿಂದ ಮನೆಗೆ ಹೋಗುತ್ತಾನೆ.

ಜಪಾನಿನಲ್ಲಿ ಟೊಯೊಟಾ ಕೆಲವು ವಿಶೇಷ ಕಾರುಗಳಿಗೆ ಚೀಟಿ ಎತ್ತಿತು. ಲಾಟರಿ. 500 ಜಿಆರ್‌ಎಂಎನ್ ಯಾರಿಸ್ ಕಾರುಗಳನ್ನು ಹಾಗೆಯೇ ಹಂಚಿದರು. ನ್ಯಾಯ ಎಂದರೆ ನನ್ನ ಮಟ್ಟಿಗೆ ಇದೇ ಹತ್ತಿರದ್ದು. ಆದರೆ ನಿಜ ಹೇಳುತ್ತೇನೆ, ನನಗೆ ಜೀವನದಲ್ಲಿ ಒಂದು ಪ್ರೆಷರ್ ಕುಕ್ಕರ್ ಕೂಡ ಲಾಟರಿಯಲ್ಲಿ ಬಂದಿಲ್ಲ.

ಡೀಲರ್ ಪರವಾಗಿಯೂ ಒಂದೆರಡು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಮಿಷಿಗನ್ನಿನಲ್ಲಿ ನನಗೆ ಪರಿಚಯವಿದ್ದ ಒಬ್ಬ ಡೀಲರ್ ಹೇಳುತ್ತಿದ್ದ: "ಚೀಟಿಗಿಂತ ನಾಲ್ಕು ಸಾವಿರ ಕಡಿಮೆಗೆ ಕೊಟ್ಟಾಗ ಯಾರೂ ಬಂದು ಇದು ಅನ್ಯಾಯ, ಪೂರ್ತಿ ತೆಗೆದುಕೊಳ್ಳಿ ಎನ್ನಲಿಲ್ಲ." ನಿಜ. ದಶಕಗಳ ಕಾಲ ಹೆಚ್ಚಿನ ಕಾರುಗಳು ಚೀಟಿಗಿಂತ ಕಡಿಮೆಗೇ ಹೋಗಿವೆ. ಸೂಚಿಸಿದ ಬೆಲೆ ಎಂದರೆ ಕೆಳಗೂ ಇಳಿಯಬಹುದು, ಮೇಲೂ ಏರಬಹುದು. ಬಿಕರಿಯಾಗದ ಕಾರುಗಳನ್ನು ಬಡ್ಡಿ ಕಟ್ಟಿ ಸಾಕುವವನೂ ಅವನೇ. ಈ ವಾದಕ್ಕೆ ನನ್ನ ಬಳಿ ಉತ್ತರವಿಲ್ಲ. ಇದ್ದಿದ್ದರೆ ಅವನಿಗೇ ಹೇಳುತ್ತಿದ್ದೆ.

ನನ್ನ ಸಿಟ್ಟು ಬೇರೆ ಕಡೆ ಇದೆ. 140 ಮೈಲಿ ಹೋದ ಮೇಲೆ ಬೆಲೆ ಹೇಳಿದರಲ್ಲ, ಅದರ ಮೇಲೆ. ಬ್ಲ್ಯಾಕ್ ಟಿಕೆಟ್‌ನವನು ಕೂಡ ಮೂವತ್ತು ಎಂದು ಮೊದಲೇ ಹೇಳುತ್ತಿದ್ದ. ಒಳಗೆ ಕೂರಿಸಿ, ಪರದೆ ಏಳುವ ಹೊತ್ತಿಗೆ ಬಂದು ಇನ್ನಿಪ್ಪತ್ತು ಕೊಡಿ ಎನ್ನುತ್ತಿರಲಿಲ್ಲ. ಹೇರುವುದಾದರೆ ಒಂದೇ ಸಾಲಿನಲ್ಲಿ ಹೇರಲಿ. ನೈಟ್ರೊಜನ್, ಬಣ್ಣದ ರಕ್ಷಣೆ, ಸೀಟಿನ ಬಟ್ಟೆಯ ರಕ್ಷಣೆ ಎಂದು ವೇಷ ಹಾಕಿಸಿ ಕಳಿಸುವುದೇಕೆ? ನಮ್ಮಲ್ಲೂ ಈ ವೇಷ ಗೊತ್ತು. ಎಕ್ಸ್-ಷೋರೂಮ್ ಬೆಲೆ ಬೆರಳು ಮುಟ್ಟದ ಮಡಿ. ಆದರೆ ಬೇಗ ಕಾರು ಬೇಕೆಂದರೆ ಇಷ್ಟು ಸಾವಿರದ ಆಕ್ಸೆಸರಿ ಇಲ್ಲೇ ಹಾಕಿಸಬೇಕು, ವಿಮೆ ಇಲ್ಲೇ ಮಾಡಿಸಬೇಕು. ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಆಯೋಗ, ಫೆಡರಲ್ ಟ್ರೇಡ್ ಕಮಿಷನ್, 2023ರ ಡಿಸೆಂಬರ್‌ನಲ್ಲಿ ಒಂದು ನಿಯಮ ಪ್ರಕಟಿಸಿತು. ಪೂರ್ತಿ ಬೆಲೆಯನ್ನು ಮೊದಲೇ ಹೇಳಬೇಕು, ಉಪಯೋಗಕ್ಕೆ ಬಾರದ ಬಾಬತ್ತುಗಳಿಗೆ ಹಣ ಹಾಕಬಾರದು ಎಂದು. ಹೇರಿಕೆಯನ್ನು ಅದು ನಿಷೇಧಿಸಿರಲಿಲ್ಲ, ಗಮನಿಸಿ, ಮುಚ್ಚಿಡುವುದನ್ನಷ್ಟೇ ನಿಷೇಧಿಸಿತ್ತು. ಡೀಲರ್‌ಗಳ ಸಂಘ ಕೋರ್ಟಿಗೆ ಹೋಯಿತು. ನಿಯಮ ಜಾರಿಗೆ ಬರುವ ಮೊದಲೇ, 2025ರ ಜನವರಿಯಲ್ಲಿ, ಮೇಲ್ಮನವಿ ನ್ಯಾಯಾಲಯ ಅದನ್ನು ರದ್ದುಪಡಿಸಿತು. ಕಾರಣ, ನಿಯಮ ಮಾಡುವಾಗ ಆಯೋಗ ಅನುಸರಿಸಬೇಕಿದ್ದ ಕ್ರಮವೊಂದನ್ನು ಅನುಸರಿಸಿರಲಿಲ್ಲ.

ಹಿರಿಯರು ಕೆಲವರು ನಗುತ್ತಿರುವುದು ನನಗೆ ಕಾಣುತ್ತಿದೆ. ನಿಮಗೆ ಚೇತಕ್ ನೆನಪಾಗಿರಬೇಕು. ಸ್ಪೋರ್ಟ್ಸ್ ಕಾರಲ್ಲ, ಬಜಾಜ್ ಸ್ಕೂಟರ್. ಬುಕ್ ಮಾಡಿದರೆ ವರ್ಷಗಟ್ಟಲೆ, ಕೆಲವರಿಗೆ ಹತ್ತು ವರ್ಷ, ಕಾಯಬೇಕಿತ್ತು. ಸರದಿ ಬಂದ ಸ್ಕೂಟರನ್ನು ಮನೆಗೆ ತಾರದೆ ಹೆಚ್ಚಿನ ಬೆಲೆಗೆ ದಾಟಿಸಿದವರು ಪ್ರತಿ ಬೀದಿಯಲ್ಲೂ ಇದ್ದರು. ವಿದೇಶಿ ವಿನಿಮಯದಲ್ಲಿ ಹಣ ಕಟ್ಟಿದರೆ ಸರದಿ ತಪ್ಪಿಸಿ ಸ್ಕೂಟರ್ ಸಿಗುತ್ತಿತ್ತು. ಡೆಟ್ರಾಯಿಟ್‌ನಲ್ಲಿದ್ದ ಮಗ ಮೈಸೂರಿನ ತಂದೆಗೆ ಡಾಲರ್ ಕಳಿಸಿ ಚೇತಕ್ ಕೊಡಿಸಿದ ಮನೆಗಳು ನನಗೇ ಗೊತ್ತು. ಸಂದು ಇತ್ತು, ದುಡ್ಡು ಇತ್ತು; ಅಲ್ಲಿ ಅದನ್ನು ಎತ್ತಿಕೊಂಡದ್ದು ಸರ್ಕಾರದ ವಿದೇಶಿ ವಿನಿಮಯದ ಖಜಾನೆ.

ಉಪನ್ಯಾಸ ಮುಗಿದ ಮೇಲೆ ಪ್ರಶ್ನೆಗಳು ಬಂದವು. ಒಬ್ಬ ವಿದ್ಯಾರ್ಥಿ, ಕಂಪನಿಯೇ ನೇರವಾಗಿ ಹರಾಜು ಹಾಕಬಾರದೇಕೆ ಎಂದು ಕೇಳಿದ. ಹಾಕುತ್ತಾರೆ, ಆದರೆ ಒಂದನ್ನು ಮಾತ್ರ. 2020ರಲ್ಲಿ ಮಹೀಂದ್ರದವರು ಹೊಸ ಥಾರ್‌ನ ಮೊದಲ ಗಾಡಿಯನ್ನು ಹರಾಜು ಹಾಕಿದಾಗ 1.11 ಕೋಟಿ ರೂಪಾಯಿ ಬಂತು, ಕೋವಿಡ್ ಪರಿಹಾರಕ್ಕೆ ಕೊಟ್ಟರು. ಒಂದನ್ನು ಹಾಕಿದರೆ ಸಮಾಜಸೇವೆ, ಎಲ್ಲವನ್ನೂ ಹಾಕಿದರೆ ಜನ ಕಲ್ಲು ಹೊಡೆಯುತ್ತಾರೆ ಎಂದೆ.

ಕೊನೆಯ ಸಾಲಿನಲ್ಲಿದ್ದ ಒಬ್ಬ ತಾಯಿ ಎದ್ದು, "ನನ್ನ ಮಗ ಟೆಕ್ಸಾಸ್‌ನಲ್ಲಿದ್ದಾನೆ ಸರ್. ಅವನಿಗೆ ನೀವು ಹೇಳಿದಂಥ ಕಾರಿನದೇ ಹುಚ್ಚು. ಅವನು ಏನು ಮಾಡಬೇಕು?" ಎಂದರು. ನಾನು ಉತ್ಸಾಹದಿಂದ ಹೇಳಿದೆ: ಎಲ್ಲ ತೆರಿಗೆ, ಎಲ್ಲ ಬಾಬತ್ತು ಸೇರಿ ಕೊನೆಯ ಬೆಲೆ ಎಷ್ಟು ಎಂದು ಇಮೇಲ್‌ನಲ್ಲಿ ಬರೆಸಿಕೊಳ್ಳಬೇಕು, ಆಮೇಲೆ ಮನೆಯಿಂದ ಹೊರಡಬೇಕು. ವಾಪಸು ಬಾರದ ಮುಂಗಡ ಕೊಡಬಾರದು. ಒಂದೇ ಊರಿಗೆ ಅಂಟಿಕೊಳ್ಳದೆ ದೂರದ ಡೀಲರ್‌ಗಳನ್ನೂ ಕೇಳಬೇಕು. ತೀರ ಅಪರೂಪದ್ದಲ್ಲದಿದ್ದರೆ ಒಂದೂವರೆ ವರ್ಷ ಸುಮ್ಮನೆ ಕಾಯಬೇಕು. ಅವರು ಎಲ್ಲವನ್ನೂ ತಾಳ್ಮೆಯಿಂದ ಕೇಳಿದರು. ಆಮೇಲೆ ಹೇಳಿದರು:

"ಅವನು ಹೋದ ತಿಂಗಳೇ ಕೊಂಡಾಗಿದೆ ಸರ್. ಎಷ್ಟು ಹೆಚ್ಚು ಕೊಟ್ಟ ಎಂದು ಎಷ್ಟು ಕೇಳಿದರೂ ಬಾಯಿ ಬಿಡುತ್ತಿಲ್ಲ. ಅದಕ್ಕೇ ಬಂದೆ."